ಬೆಂಕಿ ಆರಿಸಿದವಳಿಗೆ ಪರಿಸರದಲ್ಲಿ ಸೊನ್ನೆ

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮಾನ್ಯ ಕುಲಸಚಿವರೇ,

ಕಾಡಿನ ಬೆಂಕಿ ಆರಿಸಲು ಹೋದ ಹುಡುಗಿಗೆ ಪರಿಸರ ಅಧ್ಯಯನದ ಆಂತರಿಕ ಪರೀಕ್ಷೆಯಲ್ಲಿ ತಮ್ಮ ಕಚೇರಿ ಸೊನ್ನೆ ಕೊಟ್ಟಿದೆ. ಆ ವಿಷಯವನ್ನು ಅವಳಿಗೆ ಪಾಠ ಮಾಡಿದವಳು ನಾನು, ಚಿತ್ರದುರ್ಗದ ಒಂದು ಕಾಲೇಜಿನ ಅತಿಥಿ ಉಪನ್ಯಾಸಕಿ. ಕಳೆದ ವಾರ ‘ವಿದ್ಯಾರ್ಥಿಗಳಲ್ಲಿ ಪರಿಸರ ಪ್ರಜ್ಞೆ ರೂಪಿಸುವ ಅಂಶಗಳು’ ಎಂಬ ವಿಚಾರ ಸಂಕಿರಣದಲ್ಲಿ, ಇಂದಿನ ಯುವಜನರಿಗೆ ಮೊಬೈಲ್ ಬಿಟ್ಟರೆ ಬೇರೆ ಲೋಕವೇ ಇಲ್ಲವೆಂದು ತಾವು ಮರುಗಿದಿರಿ. ಅದನ್ನು ಕೇಳಿದಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹುಡುಗಿಯ ಹೆಸರು ಮೋನಿಕಾ. ತುರುವನೂರು ಕಡೆಯ ಕುರಿ ಸಾಕುವ ಮನೆಯವಳು, ಬಿ.ಎ. ಓದುತ್ತಾಳೆ. ಮಾರ್ಚ್‌ನಲ್ಲಿ, ಪರೀಕ್ಷೆಯ ಬೆಳಿಗ್ಗೆ, ಅವಳೂ ಸಹಪಾಠಿ ಮಾರುತೇಶನೂ ಕಾಲೇಜಿಗೆ ಬರುತ್ತಿದ್ದಾಗ ಪಕ್ಕದ ಜೋಗಿಮಟ್ಟಿ ಗುಡ್ಡದ ಇಳಿಜಾರಿನಲ್ಲಿ ಒಣಹುಲ್ಲು ಹೊತ್ತಿ ಉರಿಯುತ್ತಿತ್ತು. ಅರಣ್ಯ ಕಾವಲುಗಾರ ಗೊಲ್ಲಪ್ಪ ಒಬ್ಬರೇ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯನ್ನು ಬಡಿಯುತ್ತಿದ್ದರು. ಇವರಿಬ್ಬರೂ ಬ್ಯಾಗ್ ಎಸೆದು ಅವರ ಜೊತೆ ಸೇರಿದರು. ಬೆಂಕಿ ಹತೋಟಿಗೆ ಬರುವ ಹೊತ್ತಿಗೆ ಇತ್ತ ಪರೀಕ್ಷೆ ಮುಗಿದಿತ್ತು. ನನ್ನ ಪಾಠದಿಂದಲೇ ಹೀಗೆ ಮಾಡಿದರೆಂದು ಹೇಳಿಕೊಳ್ಳುವ ಆಸೆ ನನಗೂ ಇತ್ತು, ಅವರನ್ನೇ ಕೇಳಿಯೂ ನೋಡಿದೆ. ಹಿಂದೊಮ್ಮೆ ಊರ ಹುಲ್ಲುಗಾವಲು ಸುಟ್ಟುಹೋದಾಗ ಮನೆಯ ಕುರಿಗಳು ಮೇವಿಲ್ಲದೆ ಅಲೆದದ್ದು ಮೋನಿಕಾಳಿಗೆ ನೆನಪಾಯಿತಂತೆ. ‘ಅವಳು ಓಡಿದಳು, ನಾನೂ ಓಡಿದೆ’ ಎಂದ ಮಾರುತೇಶ. ಸಂಕಿರಣದ ಅಷ್ಟೊಂದು ಪ್ರಬಂಧಗಳಲ್ಲಿ ಇಂಥ ‘ಅಂಶ’ ಒಂದಾದರೂ ಇತ್ತೇ?

ಇಬ್ಬರಿಗೂ ಮರುಪರೀಕ್ಷೆ ಕೊಡಿಸಿ ಎಂದು ಪ್ರಾಂಶುಪಾಲರನ್ನು ಕೇಳಿದೆ. ಗೊಲ್ಲಪ್ಪನವರೂ ಕಾಲೇಜಿಗೆ ಬಂದು ನಡೆದದ್ದನ್ನು ಹೇಳಿದರು. ಪ್ರಾಂಶುಪಾಲರು ವಿಶ್ವವಿದ್ಯಾಲಯಕ್ಕೆ, ತಮ್ಮ ಕಚೇರಿಗೇ ಫೋನ್ ಮಾಡಿದರು. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಪರಿಗಣಿಸಬಹುದು, ಬೆಂಕಿ ಆರಿಸಿದ್ದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಜ್ವರ ಬಂದಿತ್ತೆಂದು ಬರೆಸಿಕೊಂಡು ಬರಲಿ ಎಂದು ದಾರಿಯನ್ನೂ ತೋರಿಸಿದ್ದು ತಮ್ಮ ಕಚೇರಿಯೇ. ಮಾರುತೇಶ ಬರೆಸಿಕೊಂಡು ಬಂದ. ಅವನನ್ನು ನಾನು ದೂರಲಾರೆ, ಅವನಿಗೆ ಪಾಸಾಗಬೇಕಿತ್ತು. ಮೋನಿಕಾ ಮಾತ್ರ ಒಪ್ಪಲಿಲ್ಲ.

“ನಂಗೆ ಜ್ವರ ಬಂದಿರ್ಲಿಲ್ಲ ಮೇಡಂ,” ಎಂದಳು. “ಬೆಂಕಿ ಆರ್ಸಕ್ಕೆ ಹೋಗಿದ್ದೆ. ಅದನ್ನೇ ಬರ್ಕೊಡ್ತೀನಿ.”

ಅದನ್ನೇ ಬರೆದುಕೊಟ್ಟಳು. ಇಬ್ಬರೂ ಆರಿಸಿದ್ದು ಒಂದೇ ಬೆಂಕಿ. ಸುಳ್ಳು ಹೇಳಿದವನಿಗೆ ಮರುಪರೀಕ್ಷೆ ಸಿಕ್ಕಿತು, ನಿಜ ಹೇಳಿದವಳಿಗೆ ಸೊನ್ನೆ. ಇದಕ್ಕಿಂತ ಸ್ಪಷ್ಟವಾದ ಪಾಠವನ್ನು ನಾನು ಇಡೀ ಸೆಮಿಸ್ಟರ್‌ನಲ್ಲಿ ಮಾಡಿಲ್ಲ.

ಮಕ್ಕಳು ಅದನ್ನು ಬೇಗ ಕಲಿತರು. ಏಪ್ರಿಲ್‌ನಲ್ಲಿ ಎರಡನೇ ಪರೀಕ್ಷೆ ನಡೆಯುತ್ತಿದ್ದಾಗ ಗುಡ್ಡದಲ್ಲಿ ಮತ್ತೆ ಹೊಗೆ ಎದ್ದಿತು. ತಲೆಗಳೆಲ್ಲ ಒಮ್ಮೆ ಅತ್ತ ತಿರುಗಿ ಮತ್ತೆ ಉತ್ತರಪತ್ರಿಕೆಯ ಮೇಲೆ ಬಾಗಿದವು. ಮಾರುತೇಶ ಮಾತ್ರ ತಲೆ ಎತ್ತಲೇ ಇಲ್ಲ. ಮೋನಿಕಾ ಎದ್ದು ನಿಂತಳು. ಹೋಗು ಎನ್ನಲೋ, ಬೇಡ ಎನ್ನಲೋ ತಿಳಿಯದೆ ನಾನು ಒದ್ದಾಡಿದೆ. ಅವಳು ಸೀದಾ ಹೋಗಿ ಕಿಟಕಿ ಮುಚ್ಚಿದಳು.

“ಹೊಗೆ ಒಳಗೆ ಬರ್ತೈತೆ ಮೇಡಂ,” ಎಂದು ಹೇಳಿ, ಕೂತು ಬರೆಯತೊಡಗಿದಳು.

ಅಂದು ಗೊಲ್ಲಪ್ಪನವರ ಜೊತೆಗೆ ಯಾರೂ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಆ ಇಳಿಜಾರು ಇಡಿಯಾಗಿ ಕಪ್ಪಾಗಿತ್ತು.

ಪರಿಸರ ಪ್ರಜ್ಞೆ ರೂಪಿಸುವ ಅಂಶಗಳನ್ನು ತಾವು ಎಲ್ಲೆಲ್ಲೋ ಹುಡುಕುತ್ತಿದ್ದೀರಿ. ಮಾನ್ಯರೇ, ಅವುಗಳಲ್ಲೊಂದು ತಮ್ಮ ಕಚೇರಿ. ಮೋನಿಕಾ ಬರೆದುಕೊಟ್ಟಿರುವ ನಿಜವನ್ನು ಒಪ್ಪಿ ಅವಳಿಗೆ ಮರುಪರೀಕ್ಷೆ ಕೊಡಿ. ಬೇಸಿಗೆ ಇನ್ನೂ ಮುಗಿದಿಲ್ಲ. ಮುಂದಿನ ಸಲ ಒಬ್ಬ ವಿದ್ಯಾರ್ಥಿ ಎದ್ದು ನಿಂತು ನನ್ನ ಮುಖ ನೋಡಿದರೆ ಏನು ಹೇಳಬೇಕು? ಅದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ.

ಇಂತಿ,
ಮುಂದಿನ ಸೆಮಿಸ್ಟರ್‌ಗೆ ಕರೆ ಬರುವುದೋ ಇಲ್ಲವೋ ಗೊತ್ತಿಲ್ಲದ, ಸದ್ಯಕ್ಕೆ ತಮ್ಮ ಪಠ್ಯವನ್ನೇ ಬೋಧಿಸುತ್ತಿರುವ
ಅನುಸೂಯ