ಮೊದಲ ಪುಟದ ನಲವತ್ತು ಜನ

ಸೋಮವಾರ, ೪. ಬೆಳಿಗ್ಗೆ ೧೧
ಪಟ್ಟಿ ಇನ್ನೂ ಮುಗಿದಿಲ್ಲ. ಸರ್ಕಾರ ಚಿಕಿತ್ಸೆಗೆ ಕೊಡುವ ದುಡ್ಡು ಯಾರ್‍ಯಾರ ಪಾಲಿಗೆ ಹೋಗುತ್ತದೆ ಅಂತ ತೋರಿಸಬೇಕಂತೆ. ನೂರರಲ್ಲಿ ಐದು ಜನಕ್ಕೇ ಅರ್ಧ ದುಡ್ಡು! ಉಳಿದವರಿಗೆ ಚೂರುಪಾರು. ಸಾಹೇಬರು ಚಾರ್ಟ್ ನೋಡಿ, “ಬಕಾಸುರರು ಕಣಮ್ಮ ಇವ್ರು!” ಅಂದರು. ನಾನೂ ನಕ್ಕೆ.

ನಮ್ಮ ವಲಯದ್ದು ಪ್ರಿಂಟ್ ತೆಗೆದೆ. ಹೆಚ್ಚು ಖರ್ಚಿನವರು ಮೇಲೆ. ಹೆಸರಿಲ್ಲ, ಆರೋಗ್ಯ ಕಾರ್ಡ್ ನಂಬರ್ ಮಾತ್ರ. ಮೊದಲ ಪುಟಕ್ಕೆ ಮೂವತ್ತೆಂಟು ಸಾಲು. ಅದೆಂಥ ಲೆಕ್ಕ? ಅಕ್ಷರ ಸಣ್ಣ ಮಾಡಿ ನಲವತ್ತು ಹಿಡಿಸಿದೆ. ಈಗ ನೋಡಲು ಚೆಂದ.

ಬುಧವಾರ, ೬
ಮೀಟಿಂಗ್ ಮುಗಿಯಿತು. ಮೊದಲ ಪುಟದವರ ಔಷಧಿ ಸದ್ಯಕ್ಕೆ ಬಂದ್. ಒಬ್ಬೊಬ್ಬರನ್ನೇ ಕರೆಸಿ ವಿಚಾರಿಸುತ್ತಾರಂತೆ.
“ಮೊದಲ ಪುಟಾನೇ ಯಾಕೆ ಸಾರ್?”
“ಎಲ್ಲಾದ್ರೂ ಒಂದ್ಕಡೆ ಗೆರೆ ಎಳೀಬೇಕಲ್ಲಮ್ಮ.”
ನಾನೇನು ಮಾಡಲಿ... ಟೈಪ್ ಮಾಡುವವಳು.

ಗುರುವಾರ, ೧೪. ಸಂಜೆ
ತಮ್ಮ ಆಫೀಸಿಗೇ ಬಂದಿದ್ದ, ಕುಂಟಿಕೊಂಡು. ಕೈಯಲ್ಲಿ ಕಾಗದ.
“ಅಕ್ಕಾ, ನಿಮ್ಮಾಫೀಸಿಂದಾನೇ ಬಂದಿದೆ. ಇಂಜೆಕ್ಷನ್ ಕೊಡಲ್ವಂತೆ. ಸೋಮವಾರ ಬಾ ಅಂತಾರೆ. ಏನಕ್ಕಾ ಇದು?”
ಹುಟ್ಟಿದಾಗಿನಿಂದ ಅವನ ರಕ್ತ ಹೆಪ್ಪುಗಟ್ಟುವುದಿಲ್ಲ. ವಾರ ವಾರ ಇಂಜೆಕ್ಷನ್ ಬೇಕು. ಒಂದು ತಪ್ಪಿದ್ದಕ್ಕೇ ಮೊಣಕಾಲು ಊದಿ ಕುಂಬಳಕಾಯಿ ಆಗಿದೆ. ಒಳಗೇ ರಕ್ತ. ನಾಳೆ ತಲೆಯೊಳಗಾದರೆ?

ಕಾರ್ಡ್ ನಂಬರ್ ನೋಡಿದೆ. ಪಟ್ಟಿ ತೆಗೆದೆ. ಮೂವತ್ತೊಂಬತ್ತನೇ ಸಾಲು. ನನ್ನ ಬೆರಳಿಂದ ನನ್ನ ಕಣ್ಣೇ ತಿವಿದುಕೊಂಡೆನಲ್ಲ!
“ಯಾಕಕ್ಕಾ, ಮುಖ ಹಾಗ್ ಬಿಳಿಚಿಕೊಂಡಿದೆ?”
“ಏನಿಲ್ಲ ಕಣೋ. ಗ್ಯಾಸ್ಟ್ರಿಕ್.”

ಶುಕ್ರವಾರ, ೧೫
ಸಾಹೇಬರ ಹತ್ತಿರ ಬಾಯಿಬಿಟ್ಟೆ. ಪುಟದಲ್ಲಿ ಮೂವತ್ತೆಂಟೇ ಇತ್ತು, ನಲವತ್ತು ಮಾಡಿದ್ದು ನಾನು ಅಂತ.
“ಅಯ್ಯೋ, ಸುಮ್ನಿರಮ್ಮ. ನಲವತ್ತು ಅಂತ ಸಹಿ ಆಗೋಗಿದೆ. ಈಗ ಕೆದಕಿದ್ರೆ ಇಬ್ರ ಕೆಲಸಾನೂ ಹೋಗತ್ತೆ.”
ಅವರಲ್ಲೊಬ್ಬ ನನ್ನ ತಮ್ಮ ಅಂತ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಹೇಡಿ ನಾನು.

ಸೋಮವಾರ, ೧೮. ಮಧ್ಯಾಹ್ನ ೩
ವಿಚಾರಣೆ ನಡೆಯುತ್ತಿದೆ. ಒಳಗೆ ಡಾಕ್ಟರು, ಸಾಹೇಬರು. ಟೋಕನ್ ಕೂಗುವುದು ನನ್ನ ಕೆಲಸ. ಪಟ್ಟಿಯ ಕ್ರಮದಲ್ಲೇ. ಇಲ್ಲಿವರೆಗೆ ಒಳಗೆ ಹೋಗಿಬಂದವರಲ್ಲಿ ಔಷಧಿ ಮತ್ತೆ ಸಿಕ್ಕಿದ್ದು ಹನ್ನೊಂದು ಜನಕ್ಕೆ ಮಾತ್ರ.

ತಮ್ಮ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಾನೆ. ಪಕ್ಕದ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅವರು ನಲವತ್ತನೆಯವರು.
“ಹೆದರ್ಬೇಡಿ ಅಜ್ಜಿ. ಅಲ್ಲಿದ್ದಾಳಲ್ಲ, ನಮ್ಮಕ್ಕ. ಪಟ್ಟಿ ಎಲ್ಲಾ ಅವಳ ಕೈಯಲ್ಲೇ ಇರೋದು.”

ಮೂವತ್ತೆಂಟನೆಯವರು ಹೊರಗೆ ಬಂದರು. ಅಳುತ್ತಾ. ಈಗ ನಾನು ಮೂವತ್ತೊಂಬತ್ತು ಅಂತ ಕೂಗಬೇಕು. ತಮ್ಮ ಆಗಲೇ ಏಳುತ್ತಿದ್ದಾನೆ, ನನ್ನ ನೋಡಿ ನಗುತ್ತಾ—