ಬಾಗಿಲು ಮುಚ್ಚಿ ಹಿಡಿದ ಜರಡಿ

ನವೆಂಬರ್ ೧೪, ಬೆಳಿಗ್ಗೆ

ಇವತ್ತೂ ಜರಡಿ. ಬಾಗಿಲು, ಕಿಟಕಿ ಎಲ್ಲ ಬಂದ್ — ನುಣ್ಣನೆಯ ಪುಡಿ ಗಾಳಿಗೆ ಹಾರಿಹೋಗುತ್ತದೆ ಎಂದು ಅತ್ತೆ ಕಮಲಮ್ಮನ ಕಾನೂನು. ಚಾಮರಾಜಪೇಟೆಯಲ್ಲಿ ಕಮಲಮ್ಮನ ರಂಗೋಲಿ ಪುಡಿ ಎಂದರೆ ಮೈದಾ ಹಿಟ್ಟಿನ ಹಾಗಿರಬೇಕು. ಮದುವೆಯಾಗಿ ಬಂದಾಗಿನಿಂದ ನಾನೇ ಜರಡಿ, ನನಗೇ ಕೆಮ್ಮು. ಈಗ ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿ. ಉಂಗುರವೂ ಬಿಚ್ಚಲು ಬರುತ್ತಿಲ್ಲ. "ದಪ್ಪ ಆಗಿದೀಯ ಬಿಡು" ಎಂದ ಗಂಡ ಸುಮನ್. ಬೆರಳು ಮಾತ್ರ ದಪ್ಪ ಆಗುತ್ತದೇನೋ, ಪುಣ್ಯಾತ್ಮ!

ನವೆಂಬರ್ ೨೬

ಬೆರಳು ನೋಡಿ ಡಾಕ್ಟರ್ ಬರೆದುಕೊಟ್ಟಿದ್ದ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಎಎನ್‌ಎ ಪಾಸಿಟಿವ್. ಚರ್ಮ ಬಿಗಿಯುವ ಕಾಯಿಲೆ. ಕಾಯಬೇಕಾದ ರಕ್ತವೇ ಮೈಮೇಲೆ ತಿರುಗಿ ಬಿದ್ದಿದೆಯಂತೆ.

"ಮನೇಲಿ ಧೂಳಿನ ಕೆಲ್ಸ ಇದೆಯಾ?" ಎಂದರು ಡಾಕ್ಟರ್.

"ರಂಗೋಲಿ ಕಲ್ಲಿನ ಪುಡಿ ಮೇಡಂ."

"ಅದರಿಂದಲೇ ಬಂತು ಅಂತ ಹೇಳಕ್ಕಾಗಲ್ಲ. ಕೆಲವರಿಗೆ ಈ ಗುಣ ರಕ್ತದಲ್ಲೇ ಇರತ್ತೆ. ಕಲ್ಲಿನ ಧೂಳು ಅದನ್ನ ಎಬ್ಬಿಸಬಹುದು. ಇನ್ಮೇಲೆ ಮುಟ್ಬೇಡಿ. ಮಕ್ಕಳು?"

"ಮಗಳು, ಮಾನ್ಯ. ಪಿಯುಸಿ."

"ಅವಳಿಗೂ ಈ ಗುಣ ಬಂದಿರಬಹುದು. ಅವಳನ್ನೂ ಪುಡಿಯಿಂದ ದೂರ ಇಡಿ."

ಮುಟ್ಟದೆ ಇರಬಹುದು. ಉಸಿರಾಡದೆ? ಎರಡೇ ಕೋಣೆ, ಅದರಲ್ಲೇ ಕಾರ್ಖಾನೆ. ಹೆದರಿಕೆಯಾಗುತ್ತಿದೆ.

ನವೆಂಬರ್ ೨೭

ಅತ್ತೆಗೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಬೆರಳು ಹಿಡಿದುಕೊಂಡು ಅತ್ತುಬಿಟ್ಟರು. "ನೀನು ಜರಡಿ ಮುಟ್ಬೇಡ ಮೀನಾ. ಅಕ್ಕನ ಮನೇಲಿದ್ದು ಸುಧಾರಿಸ್ಕೊ." ಇಷ್ಟು ವರ್ಷ ಈ ಪ್ರೀತಿ ಎಲ್ಲಿತ್ತೋ! ಬಾಗಿಲು ತೆಗೆಯುವ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾನ್ಯಳ ವಿಷಯ ಹೇಳಲಿಲ್ಲ. ಸುಮನ್‌ಗೂ ಹೇಳಲಿಲ್ಲ. ರಕ್ತದ ಮಾತು ಬಾಯಿಬಿಟ್ಟರೆ ನಾಳೆ ಹೆಣ್ಣು ಕೇಳಲು ಬರುವವರ ಕಿವಿಗೆ ಬೀಳುತ್ತದೆ. ಓದುವ ಹುಡುಗಿ, ಜರಡಿ ಹತ್ತಿರ ಬಂದವಳೇ ಅಲ್ಲ...

ಡಿಸೆಂಬರ್ ೧೫

ನಾಳೆ ಧನುರ್ಮಾಸ. ಗಾಂಧಿ ಬಜಾರಿನ ಗಾಡಿಯವರಿಗೆಲ್ಲ ಪುಡಿ ಬೇಕು. ತ್ಯಾಗರಾಜನಗರದ ಅಕ್ಕನ ಮನೆಯಿಂದ ಹೇಳದೆ ಬಂದೆ. ಅಲ್ಲಿ ಕೆಮ್ಮು ಕಡಿಮೆಯಾಗಿತ್ತು.

ಬಾಗಿಲು ಬಂದ್. ಅತ್ತೆ ಹೊರಗೆ ಕುಳಿತು ಪ್ಯಾಕೆಟ್ ಕಟ್ಟುತ್ತಿದ್ದರು. ಒಳಗೆ ಜರಡಿಯ ಸದ್ದು.

"ಒಳಗೆ ಯಾರು?"

"ಮಾನ್ಯ. ನೀನು ಹೋದಾಗಿಂದ ಅವಳೇ ಮಾಡ್ತಿದಾಳೆ, ನನ್ ಬಂಗಾರ. ನಿಂಗೆ ಹೇಳ್ಬೇಡ ಅಂದ್ಲು."

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅವಳ ರೆಪ್ಪೆಯ ಮೇಲೆಲ್ಲ ಪುಡಿ. "ಅಮ್ಮಾ, ಬಾಗ್ಲು ಹಾಕು, ಹಾರೋಗತ್ತೆ!" ಎಂದಳು, ಕೆಮ್ಮುತ್ತಾ.

ಕೈ ಹಿಡಿದು ನಲ್ಲಿಗೆ ಎಳೆದುಕೊಂಡು ಹೋದೆ. ತಣ್ಣೀರು. ಉಜ್ಜಿ ಉಜ್ಜಿ ತೊಳೆದೆ. ಎಲ್ಲ ಹೋಯಿತು. ಎರಡು ಬೆರಳ ತುದಿ ಮಾತ್ರ ಇನ್ನೂ ಬೆಳ್ಳಗೆ. ಮತ್ತೆ ಉಜ್ಜಿದೆ. ಪುಡಿ ಅಂಟಿರಬೇಕು. ಪುಡಿಯೇ ಇರಬೇಕು. ಪುಡಿಯೇ —