ಕೆಮ್ಮಿನ ಗುಂಡಿ

ಮನೆಯಿಂದ, ಹನ್ನೆರಡನೇ ತಾರೀಖು, ಬುಧವಾರ

ಮಗನೇ,

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಪೆನ್ನು ಕೊಟ್ಟು ಕೂರಿಸಿದೆಯಲ್ಲ, ನಿನಗೊಂದು ದೊಡ್ಡ ನಮಸ್ಕಾರ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹಡಗಿಗೆ ಸಿಗ್ನಲ್ ಸಿಗುವುದು ಅಮಾವಾಸ್ಯೆಗೋ ಹುಣ್ಣಿಮೆಗೋ. ಸಿಕ್ಕರೂ ಈ ಎರಡು ಕೋಣೆಯ ಮನೆಯಲ್ಲಿ ನಾನು ಪಿಸುಗುಟ್ಟಿದ್ದು ಬೀದಿಗೇ ಕೇಳುತ್ತದೆ. ನಿಮ್ಮ ಹಡಗಿನ ಅಡುಗೆಯವನು ರಜ ಮುಗಿಸಿ ನಾಳೆ ಹೊರಡುತ್ತಾನಂತೆ, ಅವನ ಕೈಲಿ ಕೊಡುತ್ತೇನೆ. ತಪ್ಪಿದ್ದರೆ ತಿದ್ದಬೇಡ, ಓದು. ಹೇಗಿದ್ದೀಯ? ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆ ಹೋಯಿತೇ? ನನ್ನ ಕಾಲು ಪರವಾಗಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ನಿಮ್ಮಪ್ಪನ ಹಾಗೆ ಗೊಣಗುತ್ತದೆ.

ಈಗ ವಿಷಯ. ನಿನ್ನ ಹೆಂಡತಿ "ಸ್ವಲ್ಪ ನೆಗಡಿ" ಎಂದು ನಿನಗೆ ಹೇಳಿದ್ದಾಳಲ್ಲ, ಅದು ನ್ಯುಮೋನಿಯ. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಬಲಗಡೆ ಮೋಡ ಕವಿದಂತಿದೆ. ಮೂರು ವಾರ ಮಲಗಬೇಕು ಎಂದು ಚೀಟಿ ಬರೆದುಕೊಟ್ಟರು. ಮಹಾರಾಯಿತಿ ಅದನ್ನು ಆಫೀಸಿಗೆ ಕಳಿಸದೆ ಬಟ್ಟೆಗಳ ಮಡಿಕೆಯಲ್ಲಿ ಬಚ್ಚಿಟ್ಟು, "ಮನೆಯಿಂದಲೇ ತಾನೇ ಅತ್ತೆ, ಕೂತು ಮಾತಾಡೋದಕ್ಕೆ ಏನು ಕಷ್ಟ" ಎಂದು ಹಾಸಿಗೆಯ ಮೇಲೇ ಅಂಗಡಿ ತೆರೆದಿದ್ದಾಳೆ. ತಲೆಗೆ ಫೋನಿನಲ್ಲಿ ಮಾತಾಡುವ ಆ ಕಿವಿಪಟ್ಟಿ, ಬೆನ್ನಿಗೆ ಮೂರು ದಿಂಬು. ಬಟ್ಟೆ ಒಗೆಯುವ ಮೆಷಿನ್ನು ಕೆಟ್ಟವರೆಲ್ಲ ಇವಳಿಗೆ ಫೋನು ಮಾಡಿ ಬೈಯುತ್ತಾರೆ. ಇವಳು ಜೇನು ಸುರಿದ ಹಾಗೆ ಸಮಾಧಾನ ಹೇಳುತ್ತಾಳೆ. ಕೆಮ್ಮು ಬಂದರೆ ಒಂದು ಗುಂಡಿ ಒತ್ತುತ್ತಾಳೆ, ಆಗ ಆಚೆಯವರಿಗೆ ಕೇಳುವುದಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ, ಬಾಯಿ ಒರೆಸಿ, ಮತ್ತೆ ಗುಂಡಿ ಒತ್ತಿ, "ಕ್ಷಮಿಸಿ ಸಾರ್, ವಿವರ ನೋಡ್ತಾ ಇದ್ದೆ" ಅನ್ನುತ್ತಾಳೆ. ಕೆಮ್ಮೇ ಕೇಳಿಸದಿದ್ದರೆ ಆಫೀಸಿನವರಿಗೆ ಕಾಯಿಲೆ ಹೇಗೆ ಗೊತ್ತಾಗಬೇಕು?

ಎಂಟು ದಿನ ಹಲ್ಲು ಕಚ್ಚಿಕೊಂಡು ನೋಡಿದೆ. ನನ್ನದು ಎಂಥ ತಾಳ್ಮೆ ಎಂದು ನಿನಗೆ ಗೊತ್ತಲ್ಲ. ಮೊನ್ನೆ ಅವಳು ಗುಂಡಿ ಒತ್ತಿ, ಕೆಮ್ಮುತ್ತ ಬಚ್ಚಲಿಗೆ ಓಡಿದಳು. ಕಿವಿಪಟ್ಟಿ ದಿಂಬಿನ ಮೇಲಿತ್ತು. ಹಾಕಿಕೊಂಡೆ, ಗುಂಡಿ ಒತ್ತಿದೆ. ಯಾರೋ ಗಂಡಸು, "ಹಲೋ, ಇದ್ದೀರಾ? ಮೆಷಿನ್ನಿಂದ ನೀರು ಸೋರ್ತಾ ಇದೆ ರೀ" ಅಂತಿದ್ದ. "ಕೆಳಗೊಂದು ಬಕೆಟ್ ಇಡಪ್ಪ, ಈ ಹುಡುಗಿಗೆ ಎದೆಯಲ್ಲೇ ನೀರು ತುಂಬಿದೆ" ಅಂದೆ. ಪಾಪ, ಒಳ್ಳೆಯವನು. "ಅಯ್ಯೋ, ಮಲಗೋಕೆ ಹೇಳಿ ಅಮ್ಮ, ಬಕೆಟ್ ಇದೆ" ಅಂದ.

ಫೋನಿನಲ್ಲಿ ಆಡಿದ ಮಾತನ್ನೆಲ್ಲ ಆಫೀಸಿನವರು ರೆಕಾರ್ಡು ಮಾಡಿಡುತ್ತಾರಂತೆ, ನನಗೇನು ಗೊತ್ತು! ಸಂಜೆಯೊಳಗೆ ಅವಳ ಮೇಲಿನವಳ ಫೋನು ಬಂತು. ಕೆಲಸ ಹೋಯಿತೆಂದೇ ತಿಳಿದೆ. ಆಕೆ ಬೈಯಲಿಲ್ಲ. "ಹುಷಾರಿಲ್ಲ ಅಂದ್ರೆ ರಜ, ಹುಷಾರಿದ್ರೆ ಕೆಲಸ. ಎರಡೂ ಒಟ್ಟಿಗೆ ನಮ್ಮಲ್ಲಿಲ್ಲ ಕಣಮ್ಮ. ಇಲ್ಲೀವರೆಗೆ ಮಾಡಿದ ದಿನ ಕೆಲಸಕ್ಕೇ ಇರ್ಲಿ, ಚೀಟೀಲಿ ಉಳಿದ ದಿನ ರಜಕ್ಕೆ ಹಾಕ್ತೀನಿ. ಇಪ್ಪತ್ತನೇ ತಾರೀಖಿಗೆ ಚೀಟಿ ನನ್ನ ಕೈಲಿರ್ಬೇಕು" ಅಂದಳಂತೆ. ಇಷ್ಟಾದರೂ ಚೀಟಿ ಬಟ್ಟೆಯ ಮಡಿಕೆಯಲ್ಲೇ ಇದೆ, ಇವಳು ದಿಂಬಿಗೊರಗಿ ಗುಂಡಿ ಒತ್ತುತ್ತಲೇ ಇದ್ದಾಳೆ. ನಿನ್ನೆ ಪೂರ್ತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಗಂಜಿ ಬಿಡಲಿಲ್ಲ, ಅಷ್ಟೇ ಪುಣ್ಯ.

ಹೊಟ್ಟೆ ತುಂಬ ಉಣ್ಣು. ಬಿಸಿ ಕೊಳವೆಗೆ ಕೈ ತಾಗಿಸಿಕೊಳ್ಳಬೇಡ. ಬೈದುಕೊಂಡು ಮಾಡಿದರೂ ಆಶೀರ್ವಾದ ಆಶೀರ್ವಾದವೇ.

ನಿನ್ನ ಅಮ್ಮ

ಇನ್ನೊಂದು ಮಾತು, ಬರೆಯಲು ನಾಚಿಕೆಯಾಗಿ ಕೊನೆಗೆ ಉಳಿಸಿದ್ದು. ಚೀಟಿ ಯಾಕೆ ಕಳಿಸುವುದಿಲ್ಲವೆಂದು ಇವತ್ತು ಬೆಳಿಗ್ಗೆ ಗದರಿಸಿ ಕೇಳಿದೆ. ಕಾಯಿಲೆಯ ರಜ ಅವಳ ಹತ್ತಿರ ಒಂದು ದಿನವೂ ಇಲ್ಲ. ವರ್ಷದ ಮೊದಲಲ್ಲಿ ನಾನು ಮೆಟ್ಟಿಲಿಂದ ಬಿದ್ದು ಮಲಗಿದ್ದಾಗ, ತನಗೇ ಹುಷಾರಿಲ್ಲವೆಂದು ಹೇಳಿ ಅಷ್ಟನ್ನೂ ನನ್ನ ಕಾಲಿಗೆ ಸುರಿದಿದ್ದಾಳೆ. ಇರುವುದು ಹದಿನೈದು ದಿನದ ಸ್ವಂತ ರಜ. ಅದನ್ನು ನೀನು ಹಡಗಿನಿಂದ ಇಳಿಯುವ ತಿಂಗಳಿಗೆಂದು ಎತ್ತಿಟ್ಟಿದ್ದಾಳೆ. ಚೀಟಿ ಕೊಟ್ಟರೆ ಅದೇ ಕರಗುತ್ತದೆ. "ಅವರು ಮನೆಗೆ ಬಂದಾಗ ನಾನು ಯಾರದೋ ಮೆಷಿನ್ನಿಗೆ ಉತ್ತರ ಕೊಡ್ತಾ ಕೂತಿರ್ಬೇಕಾ ಅತ್ತೆ?" ಅಂದಳು. "ನಾನು ಬಂದಾಗ ನಿನಗೆ ರಜ ಇಲ್ಲದಿದ್ದರೂ ಪರವಾಗಿಲ್ಲ, ನೀನು ಕೆಲಸ ಮಾಡುವ ಕಡೆಯೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ" ಎಂದು ನೀನೇ ಅವಳಿಗೆ ಹೇಳು. ಬಂದರಿನಿಂದ ಫೋನು ಮಾಡು, ಏನಾದರೂ ಮಾಡು. ಹತ್ತೊಂಬತ್ತನೇ ತಾರೀಖಿನೊಳಗೆ. ಇಪ್ಪತ್ತೊಂದಕ್ಕೆ ಬರುವ ಉತ್ತರ ನನಗೆ ಬೇಡ.